ಗೋಡೆಗೆ ಸುತ್ತಿಟ್ಟ ಬೆಲ್

ಮಕ್ಕಳೇ, ಈ ವಾರ ಮಾಯಾಚೌಕ ಹೇಳಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕಿರಲಿ. ಇವತ್ತೂ ಒಂದು ಲೆಕ್ಕವಿದೆ, ಆದರೆ ಅದು ಬರುವುದು ನಡುವಿನಲ್ಲಿ. ಅಲ್ಲಿಯತನಕ ತಾಳ್ಮೆಯಿಂದ ಓದಿ. ಅಜ್ಜ, ಅಜ್ಜಿ ಪಕ್ಕದಲ್ಲಿದ್ದರೆ ಅವರಿಗೂ ಗಟ್ಟಿಯಾಗಿ ಓದಿ ಹೇಳಿ. ಇದು ಅವರ ವಿಷಯ.

ನನ್ನ ಅಕ್ಕನಿಗೆ 81 ವರ್ಷ. ಭಾವ ತೀರಿಕೊಂಡು ಹನ್ನೆರಡು ವರ್ಷವಾಯಿತು, ಮಕ್ಕಳಿಲ್ಲ. ನಂಜನಗೂಡಿನಲ್ಲಿ ಒಬ್ಬಳೇ ಇದ್ದಳು. ಹೋದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಡಾಕ್ಟರು ಕಳಿಸುವಾಗ, 'ಎದ್ದು ಓಡಾಡೋಕೆ ತಿಂಗಳುಗಳೇ ಬೇಕು, ಹತ್ತಿರ ಯಾರಾದರೂ ಇರಲೇಬೇಕು' ಎಂದರು. ನಮ್ಮದು ಮೈಸೂರಿನಲ್ಲಿ ಮಹಡಿ ಮೇಲಿನ ಮನೆ. ನನಗೆ 73, ನಮ್ಮಾಕೆಗೆ ಮಂಡಿನೋವು. ಮಗ, ಸೊಸೆ ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಬರುವುದು ರಾತ್ರಿ ಎಂಟಕ್ಕೆ. ಎಲ್ಲ ಕೂತು ಯೋಚನೆ ಮಾಡಿ, ಊರಾಚೆಯ ಒಂದು ಆರೈಕೆ ಕೇಂದ್ರಕ್ಕೆ ಅಕ್ಕನನ್ನು ಸೇರಿಸಿದೆವು. ಅದರ ಹೆಸರು ಇಲ್ಲಿ ಬೇಡ.

ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಮಗು ಹುಟ್ಟುವ, ಅಪೆಂಡಿಕ್ಸ್ ತೆಗೆಯುವ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಆ ಮಾತಿಗೆ ಅರ್ಥವೇ ಬೇರೆ. ಅಲ್ಲಿ ವಯಸ್ಸಾಗಿ ಕೈಲಾಗದವರು ಇರುವ, ದಿನವಿಡೀ ನರ್ಸುಗಳು ನೋಡಿಕೊಳ್ಳುವ ಮನೆಗೆ ಹಾಗೆನ್ನುತ್ತಾರೆ. ನಮ್ಮ ವೃದ್ಧಾಶ್ರಮಗಳು ಹೆಚ್ಚಾಗಿ ಓಡಾಡಿಕೊಂಡಿರುವವರಿಗೆ ಆಗಿದ್ದವು. ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುತ್ತೇವೆ ಎಂಬ ಜಾಗಗಳು ಈಗೀಗ ಊರೂರಲ್ಲಿ ಏಳುತ್ತಿವೆ. ಊಟ ಹಾಕಿ ಮಲಗಲು ಜಾಗ ಕೊಡುವುದು ಒಂದು ಕೆಲಸ, ಮೈ ಹೊರಳಿಸಲಾಗದವರನ್ನು ನೋಡಿಕೊಳ್ಳುವುದು ಮತ್ತೊಂದು ಕೆಲಸ. ಈ ವ್ಯತ್ಯಾಸ ಅಂದು ನನಗೆ ಹೊಳೆಯಲೇ ಇಲ್ಲ.

ನಾನು ನೋಡಿದ್ದೇನು? ಥಳಥಳ ಹೊಳೆಯುವ ಗ್ರಾನೈಟ್ ನೆಲ. ಬಾಗಿಲಲ್ಲಿ ದೊಡ್ಡ ಗಣಪತಿ, ಅದಕ್ಕೆ ತಾಜಾ ಹೂವು. ಗೋಡೆಗೆ ನನ್ನ ಎದೆಯುದ್ದದ ಟೀವಿ. ಮ್ಯಾನೇಜರು ಕಾಫಿ ಕೊಟ್ಟು, ಬಣ್ಣದ ಕಾಗದದಲ್ಲಿ ಅಚ್ಚು ಮಾಡಿಸಿದ ಪಟ್ಟಿ ಕೊಟ್ಟರು. ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟ ನಾನು ಕೇಳಿದ್ದು ಒಂದೇ ಪ್ರಶ್ನೆ: 'ತಿಂಗಳಿಗೆ ಎಷ್ಟು?'

ಒಂದು ತಿಂಗಳು ಕಳೆದ ಮೇಲೆ, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹೋದೆ. ಅವಳು ಆರನೇ ಕ್ಲಾಸು, ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಅಕ್ಕ ಸ್ವಲ್ಪ ಇಳಿದಂತೆ ಕಂಡಳು, ಮಾತು ಕಡಿಮೆ. ನಾನು ಪೇಪರ್ ಸುದ್ದಿ ಹೇಳಿದೆ, ಬಾಳೆಹಣ್ಣು ಇಟ್ಟೆ, ಹೊರಟೆವು. ಬಸ್ಸಿನಲ್ಲಿ ಪುಟ್ಟಿ ಕೇಳಿದಳು.

'ತಾತ, ದೊಡ್ಡಜ್ಜಿ ಬೆಲ್ಲನ್ನ ಯಾಕೆ ಗೋಡೆ ಮೇಲೆ ಸುತ್ತಿಟ್ಟಿದ್ದಾರೆ?'

'ಯಾವ ಬೆಲ್ಲು?'

'ಮಂಚದ ತಲೆ ಹತ್ರ. ಉದ್ದ ವೈರು, ತುದೀಲಿ ಸ್ವಿಚ್ಚು. ಅದನ್ನ ಮೊಳೆಗೆ ಸುತ್ತಿಬಿಟ್ಟಿದ್ದಾರೆ. ದೊಡ್ಡಜ್ಜಿ ಕೈ ಅಲ್ಲಿಗೆ ಹೋಗಲ್ಲ. ನೀರಿನ ಲೋಟಾನೂ ಕಿಟಕಿ ಮೇಲಿತ್ತು. ಮತ್ತೆ ಅವರು ಹಾಕ್ಕೊಂಡಿದ್ದ ಬ್ಲೌಸು ಅವರದಲ್ವಂತೆ.'

'ಗುಡಿಸೋವಾಗ ಸುತ್ತಿಟ್ಟಿರ್ತಾರೆ ಬಿಡು' ಎಂದೆ. ದೊಡ್ಡವರ ಉತ್ತರ ಹೀಗೇ ಇರುತ್ತದೆ. ಆದರೆ ಆ ಬೆಲ್ಲು ತಲೆಯಿಂದ ಹೋಗಲಿಲ್ಲ. ಸೊಂಟ ಮುರಿದವರಿಗೆ ಬೆಲ್ ಎಂದರೆ ಕಾಲು ಇದ್ದ ಹಾಗೆ. ಅದನ್ನು ಎತ್ತರದಲ್ಲಿ ಸುತ್ತಿಟ್ಟರೆ ಕಟ್ಟಿಹಾಕಿದಂತೆಯೇ ಆಯಿತಲ್ಲ?

ಮಂಗಳವಾರ ರಾತ್ರಿ ಯಾರಿಗೂ ಹೇಳದೆ ಏಳೂವರೆಗೆ ಹೋದೆ. ಕಾವಲುಗಾರ ಬಿಡಲಿಲ್ಲ. 'ನಾಲ್ಕರಿಂದ ಆರರವರೆಗೆ ಮಾತ್ರ, ಸಾರ್.' 'ನಮ್ಮಕ್ಕನನ್ನ ನೋಡೋಕೆ ನಾನು ಯಾರನ್ನ ಕೇಳಬೇಕಪ್ಪಾ?' ಎಂದು ಒಳಗೆ ನಡೆದೇಬಿಟ್ಟೆ. ಊಟದ ಹೊತ್ತು. ತಟ್ಟೆಯಲ್ಲಿ ಚಪಾತಿ, ಪಲ್ಯ. ತಟ್ಟೆ ಇದ್ದದ್ದು ಮೇಜಿನ ಮೇಲೆ, ಅಕ್ಕ ಇದ್ದದ್ದು ಮಂಚದ ಮೇಲೆ, ನಡುವೆ ಮೂರಡಿ. ಅವಳ ಹಲ್ಲಿನ ಸೆಟ್ಟು ಬೀರುವಿನ ಒಳಗೆ ಡಬ್ಬಿಯಲ್ಲಿತ್ತು. ಸ್ವಲ್ಪ ಹೊತ್ತಿನಲ್ಲಿ ಹುಡುಗ ಬಂದು, ಮುಟ್ಟದ ತಟ್ಟೆಯನ್ನು ಹಾಗೇ ಎತ್ತಿಕೊಂಡು ಹೊರಟ. ಅವನು ಪ್ರತಿದಿನವೂ 'ಅಜ್ಜಿ ಊಟ ಬೇಡ ಅಂದ್ರು' ಎಂದು ಬರೆಸುತ್ತಿದ್ದನಂತೆ. ಹಲ್ಲಿಲ್ಲದೆ ಯಾರು ಚಪಾತಿ ತಿನ್ನುತ್ತಾರೆ?

ಹೊದಿಕೆ ಸರಿಸಿ ನೋಡಿದೆ. ಹಿಮ್ಮಡಿ ಕಪ್ಪಗೆ ಕೆಂಪಾಗಿತ್ತು. ಆಯಾಳನ್ನು ಕರೆದು ಇಬ್ಬರೂ ಸೇರಿ ಮಗ್ಗುಲಿಗೆ ಹೊರಳಿಸಿದೆವು. ಬೆನ್ನಿನ ಬುಡದಲ್ಲಿ ರೂಪಾಯಿ ಅಗಲಕ್ಕೆ ಚರ್ಮ ಕಿತ್ತುಹೋಗಿತ್ತು.

ಇದಕ್ಕೆ ಹಾಸಿಗೆ ಹುಣ್ಣು ಎನ್ನುತ್ತಾರೆ. ಮಕ್ಕಳೇ, ನಿಮ್ಮ ಹೆಬ್ಬೆರಳ ಉಗುರನ್ನು ಇನ್ನೊಂದು ಕೈಯ ಬೆರಳಿಂದ ಒತ್ತಿ ನೋಡಿ. ಬೆಳ್ಳಗಾಯಿತು ಅಲ್ಲವೇ? ಬಿಟ್ಟರೆ ಮತ್ತೆ ಕೆಂಪು. ಒತ್ತಿದಾಗ ರಕ್ತ ಸರಿದುಹೋಗುತ್ತದೆ, ಬಿಟ್ಟಾಗ ಮರಳುತ್ತದೆ. ಕ್ಲಾಸಿನಲ್ಲಿ ಬೆಂಚಿನ ಮೇಲೆ ಕೂತಾಗ ನಿಮಗೇ ತಿಳಿಯದಂತೆ ನೀವು ಆ ಕಡೆ ಈ ಕಡೆ ಸರಿಯುತ್ತಲೇ ಇರುತ್ತೀರಿ (ಮೇಷ್ಟ್ರು 'ನೆಟ್ಟಗೆ ಕೂತ್ಕೋ' ಎಂದು ಗದರಿಸುವುದು ಅದಕ್ಕೇ). ಹೊರಳಲಾಗದವರ ಮೈಭಾರವೆಲ್ಲ ಒಂದೇ ಕಡೆ ಗಂಟೆಗಟ್ಟಲೆ ಕೂತರೆ ಅಲ್ಲಿಗೆ ರಕ್ತ ಹೋಗದೆ ಚರ್ಮ ಸಾಯುತ್ತದೆ. ಬೆನ್ನಿನ ಬುಡ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ, ತಲೆಯ ಹಿಂಭಾಗ, ಅಂದರೆ ಮೂಳೆ ಚರ್ಮಕ್ಕೆ ಹತ್ತಿರವಿರುವ ಕಡೆಯೆಲ್ಲ ಇದರ ಭಯ. ಮೊದಲ ಸೂಚನೆಯೆಂದರೆ ಕೆಂಪಾದ ಜಾಗವನ್ನು ಬೆರಳಿಂದ ಒತ್ತಿದರೂ ಅದು ಬಿಳಿಯಾಗುವುದಿಲ್ಲ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಹೋಗಬಹುದು. ಆಗ ಆ ಜಾಗ ಸುತ್ತಲಿಗಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಟ್ಟು ನೋಡಬೇಕು. ಅಲ್ಲಿ ಎಣ್ಣೆ ಹಚ್ಚಿ ಉಜ್ಜಬಾರದು, ಉಜ್ಜಿದರೆ ಒಳಗೆ ಇನ್ನಷ್ಟು ಕೆಡುತ್ತದೆ. ಗಾಳಿ ಹಾಸಿಗೆ ಸಹಾಯ ಮಾಡುತ್ತದೆ ನಿಜ, ಆದರೆ ಅದನ್ನು ಹಾಕಿದ್ದೇವೆ ಎಂದು ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸಬೇಕು ಎಂದು ನರ್ಸುಗಳಿಗೆ ಕಲಿಸುತ್ತಾರೆ.

ಆ ಕೇಂದ್ರದಲ್ಲೂ ಮಂಚದ ತುದಿಗೆ ಒಂದು ಹಾಳೆ ನೇತುಹಾಕಿದ್ದರು. ಎರಡು ಗಂಟೆಗೊಂದು ಮನೆ, ಪ್ರತಿ ಮನೆಗೂ ಸರಿ ಗುರುತು. ನಾನು ನೋಡಿದಾಗ ರಾತ್ರಿ ಏಳು ನಲವತ್ತು. ಎಂಟು ಗಂಟೆಯ ಮನೆಗೆ ಗುರುತು ಬಿದ್ದಿತ್ತು. ಹತ್ತು ಗಂಟೆಯ ಮನೆಗೂ ಬಿದ್ದಿತ್ತು! ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡೆ.

'ಅಕ್ಕ, ಶನಿವಾರ ಬಂದಿದ್ದೆನಲ್ಲ, ಯಾಕೆ ಹೇಳಲಿಲ್ಲ?' ಎಂದೆ.

ಅವಳು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದಳು: 'ಹೇಳಿದ್ರೆ ನೀನು ಜಗಳ ಮಾಡಿ ಮನೆಗೆ ಹೋಗ್ತೀಯ. ಆಮೇಲೆ ಇಲ್ಲಿರೋಳು ನಾನು ತಾನೇ?'

ಹಿರಿಯ ಓದುಗರೇ, ಈ ಮಾತನ್ನು ನಾನು ಇನ್ನೂ ಮರೆತಿಲ್ಲ. ಅಲ್ಲಿರುವವರು 'ಚೆನ್ನಾಗಿದ್ದೀನಿ' ಎಂದ ಮಾತ್ರಕ್ಕೆ ಚೆನ್ನಾಗಿದ್ದಾರೆ ಎಂದುಕೊಳ್ಳಬೇಡಿ. ಯಾರಾದರೂ ಆಯಾ ಪಕ್ಕದಲ್ಲಿ ನಿಂತಿರುವಾಗ ಕೇಳಿದರಂತೂ ಬೇರೆ ಉತ್ತರ ಬರುವುದೇ ಇಲ್ಲ.

ಈಗ ಲೆಕ್ಕ. ಆ ರಾತ್ರಿ ಅಲ್ಲಿದ್ದ ಹಿರಿಯರು 22. ನೋಡಿಕೊಳ್ಳಲು ಇದ್ದ ಆಯಾ 1. ಹಾಸಿಗೆ ಹಿಡಿದವರು 8. ಒಬ್ಬರ ಮಗ್ಗುಲು ಬದಲಿಸಿ, ದಿಂಬು ಒತ್ತರಿಸಿ, ಬಟ್ಟೆ ಒದ್ದೆಯಾಗಿದ್ದರೆ ಬದಲಿಸಲು 10 ನಿಮಿಷ ಎಂದಿಟ್ಟುಕೊಳ್ಳಿ. ಎಂಟು ಜನಕ್ಕೆ 80 ನಿಮಿಷ. ಎರಡು ಗಂಟೆಯೆಂದರೆ 120 ನಿಮಿಷ. ಉಳಿದದ್ದು 40. ಅಷ್ಟರಲ್ಲಿ ಮಿಕ್ಕ 14 ಜನರನ್ನು ಬಚ್ಚಲಿಗೆ ಕರೆದೊಯ್ಯಬೇಕು, ನೀರು, ಮಾತ್ರೆ ಕೊಡಬೇಕು. ಒಬ್ಬರಿಗೆ ಮೂರು ನಿಮಿಷವೂ ಸಿಗುವುದಿಲ್ಲ. ಅದೂ ಒಬ್ಬಳೇ ಮೈಭಾರದವರನ್ನು ಹೊರಳಿಸಬಲ್ಲಳು ಎಂದಾದರೆ. ನಾವಿಬ್ಬರು ಸೇರಿಯೇ ಏದುಸಿರು ಬಿಟ್ಟಿದ್ದೆವು. ಬೆಳಗಿನ ತನಕ ಹೀಗೆ ಆರು ಸುತ್ತು.

ಈ ಲೆಕ್ಕ ಹಾಕಿದ ಮೇಲೆ ಬೆಲ್ಲು ಗೋಡೆಗೆ ಏಕೆ ಹೋಯಿತು ಎಂಬುದು ತಿಳಿಯಿತು. ಸರಿ ಗುರುತು ಮೊದಲೇ ಏಕೆ ಬಿತ್ತು ಎಂಬುದೂ ತಿಳಿಯಿತು. ಆ ಆಯಾ ಕೆಟ್ಟವಳಲ್ಲ. ಸಂಜೆ ಏಳಕ್ಕೆ ಬಂದು ಬೆಳಗ್ಗೆ ಏಳಕ್ಕೆ ಹೋಗುವವಳು, ನಡುವೆ ಕೂರಲು ಒಂದು ಕುರ್ಚಿಯಿಲ್ಲ. ಅವಳ ಮೇಲೆ ಕೂಗಾಡಿದ್ದಕ್ಕೆ ಮರುದಿನ ಕ್ಷಮೆ ಕೇಳಿದೆ. ತಪ್ಪು ಮಾಡಿದವರು 22 ಜನರಿಗೆ ಒಬ್ಬಳನ್ನು ಇಟ್ಟು ಗ್ರಾನೈಟ್ ಹಾಸಿದವರು. ಮ್ಯಾನೇಜರಿಗೆ ಹೇಳಿದರೆ 'ಸಾರ್, ಈ ವಯಸ್ಸಿನಲ್ಲಿ ಇದೆಲ್ಲ ಸಹಜ' ಎಂದರು. ಎಂಬತ್ತೊಂದು ವರ್ಷ ಸಹಜವೇ, ಹುಣ್ಣು ಹೇಗೆ ಸಹಜವಾಗುತ್ತದೆ?

ಮಾರನೆಯ ದಿನ ಡಾಕ್ಟರಿಗೆ ತೋರಿಸಿ, ಅವರ ಚೀಟಿ ಮತ್ತು ಫೋಟೋ ಇಟ್ಟುಕೊಂಡೆ. ಕೇಂದ್ರದವರಿಗೆ ತಾರೀಖು ಹಾಕಿ ಪತ್ರ ಬರೆದು, ಒಂದು ಪ್ರತಿಗೆ ಅವರ ಸಹಿ ಮಾಡಿಸಿಕೊಂಡೆ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಆಮೇಲೆ 14567ಕ್ಕೆ ಫೋನು ಮಾಡಿದೆ. ಇದು ಹಿರಿಯರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ, ಎಲ್ಡರ್‌ಲೈನ್. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನವರಿಗೆ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ನಡೆಸುವ 1090 ಕೂಡ ಇದೆ. ಮಕ್ಕಳೇ, 14567 ನೆನಪಿಡುವುದು ಸುಲಭ: 2 ಮತ್ತು 3 ರಜೆಯ ಮೇಲೆ ಹೋಗಿವೆ.

ಫೋನಿನಲ್ಲಿದ್ದ ಹುಡುಗಿ ಸಮಾಧಾನದಿಂದ ಕೇಳಿಸಿಕೊಂಡು, ಜಿಲ್ಲೆಯಲ್ಲಿ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೆ ದೂರು ಕೊಡಿ ಎಂದು ದಾರಿ ತೋರಿಸಿದಳು. ಕೊಟ್ಟೆ. ಅಕ್ಕನನ್ನು ಕರೆತಂದ ಮೇಲೆ ಇದೆಲ್ಲ ಏಕೆ ಎಂದು ಮಗ ಕೇಳಿದ. ಅಕ್ಕನ ಪಕ್ಕದ ಮಂಚದಲ್ಲಿ ಇನ್ನೊಬ್ಬ ಅಜ್ಜಿ ಇದ್ದರಲ್ಲ, ಅವರ ಬೆಲ್ಲೂ ಗೋಡೆಯ ಮೇಲೇ ಇತ್ತು.

ಕಾನೂನು ಏನು ಹೇಳುತ್ತದೆ ಎಂದೂ ಆಗ ಓದಿದೆ. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂತು. 60 ದಾಟಿದವರೆಲ್ಲ ಇದರಲ್ಲಿ ಹಿರಿಯ ನಾಗರಿಕರು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಪುಟ್ಟಿಗೆ ಓದಿ ಹೇಳಿದಾಗ ಅವಳು ಕಣ್ಣರಳಿಸಿದ್ದು ಒಂದು ಸಾಲಿಗೆ: 'ಮಕ್ಕಳು' ಎಂದರೆ ವಯಸ್ಸಿಗೆ ಬಂದ ಮೊಮ್ಮಕ್ಕಳೂ ಸೇರುತ್ತಾರೆ! ನಮ್ಮ ಅಕ್ಕನಂತೆ ಮಕ್ಕಳಿಲ್ಲದವರಿಗೆ, ಅವರ ಆಸ್ತಿ ಪಡೆದಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಕರು ಹೊಣೆ. ಹಿರಿಯರನ್ನು ನೋಡಿಕೊಳ್ಳಬೇಕಾದವರೇ ಎಲ್ಲೋ ಬಿಟ್ಟು ಕೈತೊಳೆದುಕೊಂಡರೆ ಮೂರು ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆ, ಜಮೀನು ದಾನಪತ್ರ ಮಾಡಿಕೊಡುವ ಹಿರಿಯರು ಗಮನಿಸಿ: 'ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆಮೇಲೆ ನೋಡಿಕೊಳ್ಳದಿದ್ದರೆ ಆ ದಾನವನ್ನು ರದ್ದು ಮಾಡುವ ಅಧಿಕಾರ ನ್ಯಾಯಮಂಡಳಿಗಿದೆ. ಬಾಯಲ್ಲಿ ಹೇಳಿಕೊಂಡದ್ದನ್ನು ಆಮೇಲೆ ತೋರಿಸುವುದು ಕಷ್ಟ.

ಆದರೆ ಅಕ್ಕನಂಥವರಿರುವ ಕೇಂದ್ರ ಹೇಗಿರಬೇಕು, ರಾತ್ರಿ ಎಷ್ಟು ಜನ ಇರಬೇಕು ಎಂಬ ಬಗ್ಗೆ ಆ ಕಾಯ್ದೆ ಬಿಗಿಯಾಗಿಲ್ಲ. ಇಂಥ ಕೇಂದ್ರಗಳು ನೋಂದಣಿಯಾಗಬೇಕು, ಕನಿಷ್ಠ ಗುಣಮಟ್ಟ ಪಾಲಿಸಬೇಕು ಎಂಬ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂದಿತ್ತು. ಆ ಲೋಕಸಭೆಯ ಅವಧಿ ಮುಗಿದರೂ ಅದು ಕಾಯ್ದೆಯಾಗಲಿಲ್ಲ.

ನನ್ನ ತಂಗಿಯ ಮಗಳು ಅಮೆರಿಕದಲ್ಲಿ ನರ್ಸು. ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಂಡೆ. ಅಲ್ಲಿ 1987ರಲ್ಲೇ ಒಂದು ಕಾನೂನು ಬಂತಂತೆ. ಸಿಬ್ಬಂದಿಯ ಅನುಕೂಲಕ್ಕಾಗಿ ಹಿರಿಯರನ್ನು ಮಂಚಕ್ಕೆ ಕಟ್ಟುವಂತಿಲ್ಲ, ಮಂಪರು ಬರಿಸುವ ಔಷಧಿ ಕೊಟ್ಟು ಸುಮ್ಮನಾಗಿಸುವಂತಿಲ್ಲ. 2008ರಿಂದ ಸರ್ಕಾರವೇ ಒಂದೊಂದು ನರ್ಸಿಂಗ್ ಹೋಮಿಗೂ ಒಂದರಿಂದ ಐದು ನಕ್ಷತ್ರ ಕೊಟ್ಟು ಎಲ್ಲರಿಗೂ ತೋರಿಸುತ್ತದೆ. 'ಹಾಗಾದರೆ ಐದು ನಕ್ಷತ್ರ ನೋಡಿ ಸೇರಿಸಿದರಾಯಿತು' ಎಂದೆ. ಅವಳು ನಕ್ಕಳು. 'ಮಾವ, ಅದರಲ್ಲಿ ಕೆಲವು ಅಂಕಿ ಆ ಹೋಮಿನವರೇ ಬರೆದುಕೊಡೋದು. ನಿಮ್ಮ ಸರಿ ಗುರುತಿನ ಹಾಳೆ ಥರ. ಭಾನುವಾರ ಹೋಗಿ, ರಾತ್ರಿ ಹೋಗಿ. ಮೂಗು, ಕಿವಿ ತಗೊಂಡು ಹೋಗಿ.'

ಅಕ್ಕನನ್ನು ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ನಮ್ಮ ಮಹಡಿಗೆ ಹೊತ್ತು ತಂದರು. ಹುಣ್ಣು ಮಾಯಲು ಆರು ವಾರ ಬೇಕಾಯಿತು. ಮೊಟ್ಟೆ ಒಲ್ಲದವಳಿಗೆ ಬೇಳೆ, ಮೊಸರು, ಪನೀರು ಎಂದು ನಮ್ಮಾಕೆ ಏನೇನೋ ಮಾಡಿ ತಿನ್ನಿಸಿದಳು. ಗಾಯ ಮಾಯಲು ಪ್ರೋಟೀನು ಬೇಕು. ವಯಸ್ಸಾದವರಿಗೆ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ, ಆದ್ದರಿಂದ ಗಂಟೆಗೊಮ್ಮೆ ಲೋಟ ಹಿಡಿಯುವ ಕೆಲಸ ಪುಟ್ಟಿಯದು. ರಾತ್ರಿ ಅಲಾರಂ ಇಟ್ಟು ಮಗನೂ ನಾನೂ ಸರದಿಯ ಮೇಲೆ ಎದ್ದೆವು. ಆರನೇ ವಾರಕ್ಕೆ ನಮ್ಮಾಕೆ ಮೆಟ್ಟಿಲಿಳಿಯಲಾರದಂತಾದಳು. ಅಕ್ಕನೇ ಕರೆದು ಹೇಳಿದಳು: 'ನಿನ್ನ ಹೆಂಡತಿ ಮಂಡಿ ಪೂರ್ತಿ ಹೋಗೋಕೆ ಮುಂಚೆ ನನಗೆ ಬೇರೆ ಜಾಗ ನೋಡು. ಈ ಸಲ ಪುಟ್ಟೀನ ಕರ್ಕೊಂಡು ಹೋಗು.'

ನಾಲ್ಕು ಜಾಗ ನೋಡಿದೆವು. ಒಂದರಲ್ಲಿ ಬಾಗಿಲಲ್ಲೇ ಫಿನಾಯಿಲ್ ಘಾಟು, ಒಳಗೆ ಹೋದಂತೆ ಅದರ ಕೆಳಗೆ ಬೇರೆ ವಾಸನೆ. ಇನ್ನೊಂದರಲ್ಲಿ ಮಧ್ಯಾಹ್ನ ಹನ್ನೊಂದಕ್ಕೆ ಎಲ್ಲರೂ ಗಾಢ ನಿದ್ದೆಯಲ್ಲಿದ್ದರು. ಯಾವ ಮಾತ್ರೆ ಕೊಡುತ್ತೀರಿ, ಯಾವ ಡಾಕ್ಟರು ಬರೆದದ್ದು ಎಂದರೆ ಉತ್ತರವಿಲ್ಲ. ಮೂರನೆಯದರಲ್ಲಿ ಬಚ್ಚಲು ತೋರಿಸಲು ಒಪ್ಪಲಿಲ್ಲ. ಪುಟ್ಟಿ ಒಂದು ನೋಟ್‌ಬುಕ್ಕು ಹಿಡಿದಿದ್ದಳು. ಅದರಲ್ಲಿ ಅವಳು ಬರೆದ ಒಂದು ಸಾಲು ನನಗೆ ತುಂಬ ಇಷ್ಟವಾಯಿತು: 'ಇಲ್ಲಿ ಅಜ್ಜಿಯರಿಗೆ ಹೆಸರಿಲ್ಲ, ಬೆಡ್ ಏಳು, ಬೆಡ್ ಒಂಬತ್ತು ಅಂತಾರೆ.'

ನಾಲ್ಕನೆಯದು ಹಳೆಯ ಹೆಂಚಿನ ಮನೆ. ನೆಲ ರೆಡ್ ಆಕ್ಸೈಡ್, ಗೋಡೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ಬೆಳಗ್ಗೆ ಏಳೂವರೆಗೆ ಹೇಳದೆ ಹೋದರೂ ಒಳಗೆ ಬಿಟ್ಟರು. ಒಬ್ಬ ಅಜ್ಜನಿಗೆ ಹುಡುಗಿಯೊಬ್ಬಳು ಉಪ್ಪಿಟ್ಟು ತಿನ್ನಿಸುತ್ತಿದ್ದಳು, ಅವರು ನುಂಗುವವರೆಗೂ ಚಮಚ ಹಿಡಿದು ಕಾಯುತ್ತಿದ್ದಳು. ಎಲ್ಲರ ಕನ್ನಡಕ ಕಣ್ಣಿನ ಮೇಲಿತ್ತು, ಹಲ್ಲು ಬಾಯಲ್ಲಿತ್ತು. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಒಣಗಿದ ನೆಲ. ರಾತ್ರಿ 16 ಜನಕ್ಕೆ ಇಬ್ಬರು ಆಯಾ, ಒಬ್ಬ ನರ್ಸು. ಹೆಸರು, ಹಾಜರಿ ಪುಸ್ತಕ ತೋರಿಸಿ ಎಂದರೆ ತೋರಿಸಿದರು. ಡಿಪಾಸಿಟ್ಟು ಯಾವಾಗ, ಎಷ್ಟು ವಾಪಸು ಎಂಬುದನ್ನೂ ಕರಾರಿನಲ್ಲಿ ಬರೆದಿದ್ದರು. ನಾನು ಓದುತ್ತಿದ್ದಾಗ ಪುಟ್ಟಿ ಖಾಲಿ ಮಂಚದ ಬೆಲ್ ಒತ್ತಿ ಮನಸ್ಸಿನಲ್ಲೇ ಎಣಿಸತೊಡಗಿದ್ದಳು. 95 ಎನ್ನುವಾಗ ಆಯಾ ಬಂದರು. ಮಂಚ ಖಾಲಿಯಿರುವುದು ನೋಡಿ ಅವರೇ ನಕ್ಕರು.

ಹಳೆಯ ಕೇಂದ್ರಕ್ಕೆ ಅಧಿಕಾರಿಗಳು ಬಂದು ಹೋದರು. ಈಗ ರಾತ್ರಿ ಇಬ್ಬರಿದ್ದಾರೆ ಎಂದು ಪಕ್ಕದ ಮಂಚದ ಅಜ್ಜಿಯ ಮಗ ಫೋನು ಮಾಡಿ ಹೇಳಿದರು. ಬೆಲ್ಲು ಎಲ್ಲಿದೆ ಎಂದು ಕೇಳಿದೆ. 'ಸಾರ್, ನೋಡಿಲ್ಲ, ಇವತ್ತೇ ಹೋಗಿ ನೋಡ್ತೀನಿ' ಎಂದರು. ಸಂಜೆ ಮತ್ತೆ ಫೋನು ಬಂತು: ದಿಂಬಿನ ಪಕ್ಕದಲ್ಲಿದೆಯಂತೆ.

ಅಕ್ಕ ಈಗ ವಾಕರ್ ಹಿಡಿದು ವರಾಂಡದ ತನಕ ಬರುತ್ತಾಳೆ. ಅವಳ ಮನೆಯ ಬ್ಲೌಸುಗಳಿಗೆಲ್ಲ ನಮ್ಮಾಕೆ ಕೆಂಪು ದಾರದಲ್ಲಿ ಗುರುತು ಹಾಕಿಕೊಟ್ಟಿದ್ದಾಳೆ. ಹೋದ ಭಾನುವಾರ ನಾವು ಹೋದಾಗ, ಪುಟ್ಟಿ ಚಪ್ಪಲಿ ಬಿಡುವಷ್ಟರಲ್ಲೇ ಅಕ್ಕ ಬೆಲ್ ಒತ್ತಿದಳು. ಆಯಾ ಓಡಿಬಂದು 'ಏನಮ್ಮಾ, ಏನ್ ಬೇಕು?' ಎಂದರು.

'ಏನೂ ಬೇಡ ಕಣಮ್ಮ. ಮೊಮ್ಮಗಳು ಬಂದಿದ್ದಾಳೆ, ಎಣಿಸ್ತಾಳೆ.'

'ಅರವತ್ತೆರಡು' ಎಂದಳು ಪುಟ್ಟಿ.